ಕ್ಯಾಂಪರ್ ವ್ಯಾನಿನೊಳಗಿನ ಗ್ಯಾಸ್ ಹೀಟರ್: ಬಾಡಿಗೆಗೆ ಹಿಡಿಯುವ ಮುನ್ನ ಗಮನಿಸಿ

ಚಿಕ್ಕಮಗಳೂರಿನ ಗಿರಿಗಳ ಕಡೆಗೋ ಸಕಲೇಶಪುರದ ಕಡೆಗೋ ಚಳಿಗಾಲದಲ್ಲಿ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದು ಹೊರಡುವ ಯೋಚನೆ ನಿಮಗಿದ್ದರೆ, ಮುಂಗಡ ಕೊಡುವ ಮೊದಲು ಆ ವ್ಯಾನಿನ ಹೀಟರ್ ಯಾವ ಬಗೆಯದೆಂದು ವಿಚಾರಿಸಿಕೊಳ್ಳಿ. ಹೊಗೆಕೊಳವೆ ಇಲ್ಲದ ಗ್ಯಾಸ್ ಹೀಟರನ್ನು ಹಚ್ಚಿಟ್ಟು, ಬಾಗಿಲು ಕಿಟಕಿ ಮುಚ್ಚಿಕೊಂಡು ಮಲಗಿದವರು ಬೆಳಗ್ಗೆ ಏಳುತ್ತಾರೆಂಬ ಖಾತರಿಯಿಲ್ಲ. ಕಳೆದ ಜನವರಿಯಲ್ಲಿ ನಾನು, ನನ್ನ ಹೆಂಡತಿ, ಮಗ ಮತ್ತು ಅತ್ತೆಯವರು ಅಂಥದೊಂದು ವ್ಯಾನಿನಿಂದ ಜೀವ ಉಳಿಸಿಕೊಂಡು ಹೊರಬಂದೆವು. ವ್ಯಾನ್ ಕೊಟ್ಟವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದೇ ರೀತಿ ಹೀಟರ್ ಕೂರಿಸಿಕೊಂಡವರು ಅವರೊಬ್ಬರೇ ಇರಲಾರರು ಎಂಬುದು ನನ್ನ ಗುಮಾನಿ.

ಹಳೆಯ ಪ್ರಯಾಣಿಕರ ವ್ಯಾನೊಂದರ ಸೀಟುಗಳನ್ನು ಕಿತ್ತು, ಪ್ಲೈವುಡ್ಡಿನ ಮಂಚ, ಪುಟ್ಟ ಅಡುಗೆ ಕಟ್ಟೆ ಮತ್ತು ಸಿಂಕ್ ಅಳವಡಿಸಿದ ವಾಹನ ಅದಾಗಿತ್ತು. ಅಡುಗೆ ಕಟ್ಟೆಯ ಪಕ್ಕದಲ್ಲಿ, ಕೆಂಪಗೆ ಕಾಯುವ ಸೆರಾಮಿಕ್ ಹಲಗೆಯ ಹೀಟರೊಂದನ್ನು ಬೋಲ್ಟ್ ಹಾಕಿ ಬಿಗಿದಿದ್ದರು. ಸುರಕ್ಷತೆಯ ಬಗ್ಗೆ ಕೇಳಿದಾಗ ಮಾಲೀಕರು, "ಇಂಪೋರ್ಟೆಡ್ ಮಾಲು ಸಾರ್, ಪ್ರೊಪೇನ್ ಹೀಟರ್. ರಾತ್ರಿಯಿಡೀ ಉರಿಸಿದ್ರೂ ಏನೂ ಆಗಲ್ಲ. ಗ್ಯಾಸ್ ಅಲಾರಂ ಬೇರೆ ಹಾಕಿಸಿದ್ದೀನಿ" ಎಂದು ಮಾಡಿಗೆ ಅಂಟಿಸಿದ್ದ ಬಿಳಿ ಡಬ್ಬಿಯೊಂದನ್ನು ತೋರಿಸಿದರು. ಆ ಡಬ್ಬಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಲ್ಲಂದೂರಿನ ಕಡೆ ಪರಿಚಯದವರೊಬ್ಬರ ತೋಟವಿದೆ. ಕಾಫಿ ಕೊಯ್ಲಿನ ಕಾಲವಾದ್ದರಿಂದ ಕಣದ ತುಂಬ ಹಣ್ಣು ಹರಡಿದ್ದರು. ವ್ಯಾನನ್ನು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಪಕ್ಕದಲ್ಲಿ ನಿಲ್ಲಿಸಿಕೊಂಡೆವು. ಊಟ ಮುಗಿಸಿ ಹೀಟರ್ ಹಚ್ಚಿದಾಗ ಒಳಗೆ ಹಿತವೆನಿಸಿತು. ಸ್ವಲ್ಪ ಹೊತ್ತಿಗೆ ಕಿಟಕಿಯ ಗಾಜುಗಳ ಒಳಮೈಯಲ್ಲಿ ನೀರು ಹನಿಗಟ್ಟಿ ಸಾಲುಸಾಲಾಗಿ ಇಳಿಯತೊಡಗಿತು. ಮಗ ತಲೆನೋವೆಂದ, ಆಮೇಲೆ ಓಕರಿಸಿದ. ಬರುವಾಗ ತಿರುವುಗಳಲ್ಲಿಯೂ ಅವನು ವಾಂತಿ ಮಾಡಿಕೊಂಡಿದ್ದರಿಂದ ಅದೇ ಮುಂದುವರಿದಿದೆಯೆಂದು ಯಾರಿಗಾದರೂ ಅನಿಸುವಂತಿತ್ತು. ನನ್ನ ಹೆಂಡತಿಗೆ ತಲೆ ಸಿಡಿಯುತ್ತಿತ್ತು, ಕೈಕಾಲು ಸೋತಂತಾಗಿದ್ದವು. ಕೊರೊನಾ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರ್ ಅವಳ ಚೀಲದಲ್ಲಿತ್ತು. ಬೆರಳಿಗೆ ಸಿಕ್ಕಿಸಿದಾಗ ಅದು 98 ಎಂದು ತೋರಿಸಿತು.

ಬಾಗಿಲ ಪಕ್ಕದಲ್ಲಿ ಮಲಗಿದ್ದ ಅತ್ತೆಯವರು ಎದ್ದು ಹೊರಗೆ ಹೋಗಿ ಬಂದವರು ಒಳಗೆ ಕಾಲಿಡಲೇ ಇಲ್ಲ. "ಆಚೆ ಬಾರೇ, ಹೊರಗೆ ಬಂದರೆ ತಲೆ ಹಗುರಾಗುತ್ತೆ. ಮೊದಲು ಆ ಒಲೆ ಆರಿಸಿ, ಮಗೂನ ಎತ್ಕೊಂಡು ಬನ್ನಿ" ಎಂದು ಕೂಗಿದರು. ನಾನು ಎದ್ದು ನಿಂತಾಗ ಮೊಣಕಾಲು ಕುಸಿಯಿತು. ಹೀಟರಿನ ಗುಬುಟು ತಿರುಗದೆ, ಮಂಚದ ಹಲಗೆ ಎತ್ತಿ ಸಿಲಿಂಡರಿನ ರೆಗ್ಯುಲೇಟರನ್ನೇ ಬಂದ್ ಮಾಡಬೇಕಾಯಿತು. ತೋಟದವರು ತಮ್ಮ ಜೀಪಿನಲ್ಲಿ ನಮ್ಮನ್ನು ಚಿಕ್ಕಮಗಳೂರಿನ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ವೈದ್ಯರು ಹೀಟರಿನ ಮಾತು ಕೇಳಿದ ಕೂಡಲೇ ನಾಲ್ವರಿಗೂ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟು, ರಕ್ತದ ಪರೀಕ್ಷೆ ಮಾಡಿಸಿದರು. ಗ್ಯಾಸ್ ಅರೆಬರೆಯಾಗಿ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ರಕ್ತಕ್ಕೆ ಸೇರಿದ್ದುದು ಖಚಿತವಾಯಿತು.

ಆಕ್ಸಿಮೀಟರಿನ ವಿಷಯವನ್ನು ವೈದ್ಯರು ಒತ್ತಿ ಹೇಳಿದರು. ಕಾರ್ಬನ್ ಮಾನಾಕ್ಸೈಡ್ ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು, ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಬೆರಳಿಗೆ ಬೆಳಕು ಹಾಯಿಸಿ ಅಳೆಯುವ ಸಾಮಾನ್ಯ ಆಕ್ಸಿಮೀಟರಿಗೆ, ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷವನ್ನು ಹೊತ್ತ ರಕ್ತಕ್ಕೂ ಇರುವ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಅಪಾಯದ ಅಂಚಿನಲ್ಲಿರುವವರಿಗೂ ಅದು ಚೆನ್ನಾದ ಅಂಕಿಯನ್ನೇ ತೋರಿಸಬಹುದು. ಬರಿಯ ಗಾಳಿಯಲ್ಲಿ ಉಸಿರಾಡಿಕೊಂಡಿದ್ದರೆ ರಕ್ತದಲ್ಲಿನ ಈ ವಿಷ ಅರ್ಧಕ್ಕೆ ಇಳಿಯಲು 4ರಿಂದ 6 ಗಂಟೆ ಹಿಡಿಯುತ್ತದೆ; ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದು ಒಂದೂವರೆ ಗಂಟೆ ಸಾಕಾಗುತ್ತದೆ. ಹೊರಗೆ ಬಂದು ತಲೆ ಹಗುರಾಯಿತೆಂದು ಆಸ್ಪತ್ರೆಗೆ ಹೋಗದೆ ಉಳಿಯಬಾರದೆಂಬುದಕ್ಕೆ ಇದೇ ಕಾರಣ.

ಮರುದಿನ ನನ್ನ ಭಾವಮೈದ ಹಾಸನದಿಂದ ಬಂದ. ಅವನು ಗ್ಯಾಸ್ ಏಜೆನ್ಸಿಯೊಂದರಲ್ಲಿ ಮೆಕ್ಯಾನಿಕ್. ವ್ಯಾನಿನೊಳಗೆ ಟಾರ್ಚ್ ಹಿಡಿದು ಕೂತವನು ಹೀಟರಿನ ಮುಂಭಾಗವನ್ನು ಬಿಚ್ಚಿ, "ಭಾವ, ಇಲ್ಲಿ ನೋಡಿ" ಎಂದು ಕರೆದ. ಗುಬುಟು ಸದಾ ಒತ್ತಿಕೊಂಡೇ ಇರುವಂತೆ, ಸೆಂಟ್ರಿಂಗ್ ಕೆಲಸದವರು ಕಬ್ಬಿಣ ಕಟ್ಟಲು ಬಳಸುವ ತಂತಿಯನ್ನು ಹಿಂದಿನಿಂದ ಎರಡು ಸುತ್ತು ಬಿಗಿದಿದ್ದರು. ಇದರ ಅರ್ಥ ತಿಳಿಯಬೇಕಾದರೆ ಹೀಟರ್ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ಒಳಾಂಗಣಕ್ಕೆಂದು ಮಾಡಿದ ಇಂಥ ಹೀಟರುಗಳಲ್ಲಿ ಒಂದು ಸಣ್ಣ ಪೈಲಟ್ ಜ್ವಾಲೆ ಥರ್ಮೋಕಪಲ್ ಎಂಬ ಲೋಹದ ಕಡ್ಡಿಯನ್ನು ಸದಾ ಕಾಯಿಸುತ್ತಿರುತ್ತದೆ. ಆ ಕಾವಿನಿಂದ ಹುಟ್ಟುವ ಅತ್ಯಲ್ಪ ವಿದ್ಯುತ್ತೇ ಗ್ಯಾಸಿನ ವಾಲ್ವನ್ನು ತೆರೆದು ಹಿಡಿದಿರುತ್ತದೆ. ಗಾಳಿಯಲ್ಲಿ ಸಹಜವಾಗಿ ಶೇಕಡಾ 21ರಷ್ಟಿರುವ ಆಮ್ಲಜನಕ ಶೇಕಡಾ 18ರ ಸುಮಾರಿಗೆ ಇಳಿದಾಗ ಜ್ವಾಲೆ ಕಡ್ಡಿಯಿಂದ ದೂರ ಸರಿಯುತ್ತದೆ, ಕಡ್ಡಿ ತಣ್ಣಗಾಗುತ್ತದೆ, ವಾಲ್ವ್ ಮುಚ್ಚಿಕೊಂಡು ಹೀಟರ್ ತಾನಾಗಿ ಆರುತ್ತದೆ. ಹಚ್ಚುವಾಗ ಕೆಲವು ಕ್ಷಣ ಮಾತ್ರ ಗುಬುಟನ್ನು ಒತ್ತಿ ಹಿಡಿದು ಈ ಏರ್ಪಾಡನ್ನು ದಾಟಬೇಕು. ತಂತಿ ಬಿಗಿದವರು ಅದನ್ನು ಶಾಶ್ವತವಾಗಿ ದಾಟಿಸಿಬಿಟ್ಟಿದ್ದರು.

ಮಾಲೀಕರನ್ನು ಫೋನಿನಲ್ಲಿ ಕೇಳಿದಾಗ ಬಂದ ಉತ್ತರ, "ಪದೇ ಪದೇ ಆರಿಹೋಗ್ತಿತ್ತು ಸಾರ್, ಕಸ್ಟಮರ್ ಕಂಪ್ಲೇಂಟ್ ಮಾಡ್ತಿದ್ರು, ಅದಕ್ಕೆ ಮೆಕ್ಯಾನಿಕ್ ಹತ್ರ ಸರಿ ಮಾಡಿಸಿದೆ" ಎಂಬುದು. ಅದು ಆರುತ್ತಿದ್ದುದು ಒಳಗಿನ ಗಾಳಿ ಕೆಡುತ್ತಿದ್ದುದರಿಂದ. ಹಿಂದಿನ ಬಾಡಿಗೆದಾರರು ಬದುಕಿ ಮನೆಗೆ ಹೋದದ್ದಕ್ಕೆ ಆ ಆರುವಿಕೆಯೇ ಕಾರಣವಾಗಿತ್ತೇನೋ.

ಗಾಳಿ ಎಷ್ಟು ಬೇಗ ಕೆಡುತ್ತದೆಂಬ ಲೆಕ್ಕವನ್ನು ಭಾವಮೈದನ ಜೊತೆ ಕೂತು ಹಾಕಿದೆ. ಒಂದು ಕಿಲೋ ಗ್ಯಾಸ್ ಪೂರ್ತಿ ಉರಿಯಲು ಸುಮಾರು 3.6 ಕಿಲೋ ಆಮ್ಲಜನಕ ಬೇಕು. ಒಂದೂವರೆ ಕಿಲೋವ್ಯಾಟಿನ ಹೀಟರ್ ಗಂಟೆಗೆ ಸುಮಾರು 120 ಗ್ರಾಂ ಗ್ಯಾಸ್ ಸುಡುತ್ತದೆ, ಅಂದರೆ 430 ಗ್ರಾಂ ಆಮ್ಲಜನಕವನ್ನು ನುಂಗುತ್ತದೆ. ಎಂಟು ಘನ ಮೀಟರಿನ ವ್ಯಾನಿನ ಗಾಳಿಯಲ್ಲಿರುವ ಒಟ್ಟು ಆಮ್ಲಜನಕ ಎರಡು ಕಿಲೋದ ಆಸುಪಾಸು. ಹೊರಗಿನ ಗಾಳಿ ಬರದಿದ್ದರೆ ಒಂದೇ ಗಂಟೆಯಲ್ಲಿ ಅದರ ಐದನೇ ಒಂದು ಭಾಗ ಖರ್ಚಾಗುತ್ತದೆ, ಮಲಗಿದವರ ಉಸಿರಾಟದ ಪಾಲು ಬೇರೆ. ಆಮ್ಲಜನಕ ಕಡಿಮೆಯಾದಂತೆಲ್ಲ ಉರಿ ಅರೆಬರೆಯಾಗಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಹೆಚ್ಚು ಹುಟ್ಟುತ್ತದೆ. ಅದೇ ಒಂದು ಗಂಟೆಯಲ್ಲಿ ಸುಮಾರು ಒಂದು ಲೋಟದಷ್ಟು ನೀರು ಆವಿಯಾಗಿ ಹೊರಬರುತ್ತದೆ; ನಮ್ಮ ಕಿಟಕಿಯ ಗಾಜಿನ ಮೇಲೆ ಇಳಿಯುತ್ತಿದ್ದುದರಲ್ಲಿ ಬಹುಪಾಲು ಅದೇ. ಗಾಜಿನ ಮೇಲೆ ಹಾಗೆ ನೀರು ಇಳಿಯುವುದು ಕಂಡರೆ, ಸುಟ್ಟ ಗಾಳಿ ನೀವು ಉಸಿರಾಡುವ ಜಾಗದಲ್ಲಿಯೇ ಉಳಿದಿದೆಯೆಂದು ಶಂಕಿಸಬೇಕು.

ಮಲೆನಾಡಿನವರಿಗೆ ಮನೆಯೊಳಗೆ ಬೆಂಕಿ ಹೊಸದಲ್ಲ, ಮಳೆಗಾಲವಿಡೀ ಅಗ್ಗಿಷ್ಟಿಕೆಯ ಸುತ್ತ ಕೂತು ಬೆಳೆದವರು ನಾವು. ಆದರೆ ಹೆಂಚಿನ ಮನೆಯ ಮಾಡಿನ ತುಂಬ ಸಂದಿಗಳಿರುತ್ತವೆ, ವ್ಯಾನಿನ ತಗಡಿಗೆ ಅವಿಲ್ಲ. ಇದ್ದ ಒಂದು ಛಾವಣಿಯ ಕಿಂಡಿಗೂ ಮಂಜು ಒಳಗಿಳಿಯುತ್ತದೆಂದು ಟೇಪ್ ಸುತ್ತಿದ್ದರು. ಇದಕ್ಕೆ ಹೋಲಿಸಬೇಕಾದದ್ದು ಬಚ್ಚಲುಮನೆಯ ಗ್ಯಾಸ್ ಗೀಸರನ್ನು. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗೀಸರ್ ಹಚ್ಚಿ ಸತ್ತವರ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ.

ಇನ್ನು ಸಿಲಿಂಡರ್. ಮನೆಬಳಕೆಯ 5 ಕಿಲೋದ ಕೆಂಪು ಸಿಲಿಂಡರನ್ನು ನಾವು ಮಲಗಿದ್ದ ಮಂಚದ ಕೆಳಗೇ ಇಟ್ಟಿದ್ದರು. ಮನೆಬಳಕೆಯ ಸಿಲಿಂಡರನ್ನು ಬಾಡಿಗೆಯ ವ್ಯವಹಾರಕ್ಕೆ ಬಳಸುವುದು 2000ನೇ ಇಸವಿಯ ಕೇಂದ್ರದ ಎಲ್‌ಪಿಜಿ ಆದೇಶಕ್ಕೆ ವಿರುದ್ಧ, ಅದು ಒಂದು ಮಾತು. ಅದಕ್ಕಿಂತ ದೊಡ್ಡ ಮಾತೆಂದರೆ, ಈ ಗ್ಯಾಸ್ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲದಲ್ಲಿ ಶೇಖರವಾಗುತ್ತದೆ, ಗಾಳಿಯಲ್ಲಿ ಅದರ ಪಾಲು ಶೇಕಡಾ 2ರಷ್ಟಾದರೂ ಕಿಡಿಗೆ ಹತ್ತಿಕೊಳ್ಳುತ್ತದೆ. ಸರಿಯಾಗಿ ಕಟ್ಟಿದ ಕ್ಯಾಂಪರುಗಳಲ್ಲಿ ಸಿಲಿಂಡರಿಗೆ ಪ್ರತ್ಯೇಕ ಪೆಟ್ಟಿಗೆಯಿದ್ದು, ಅದರ ಬಾಗಿಲು ವಾಹನದ ಹೊರಗಿನಿಂದ ತೆರೆಯುತ್ತದೆ, ತಳದಲ್ಲಿ ರಸ್ತೆಗೆ ತೆರೆದ ರಂಧ್ರವಿರುತ್ತದೆ. ಇಲ್ಲಿ ರಂಧ್ರವೂ ಇರಲಿಲ್ಲ, ಪೆಟ್ಟಿಗೆಯೂ ಇರಲಿಲ್ಲ. ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಬದಲು ಸಾದಾ ರಬ್ಬರ್ ಪೈಪನ್ನು ಪ್ಲೈವುಡ್ಡಿನ ತೂತಿನಲ್ಲಿ ತೂರಿಸಿದ್ದರು. ವ್ಯಾನ್ ಕುಲುಕಿದಂತೆಲ್ಲ ತೂತಿನ ಅಂಚಿಗೆ ಉಜ್ಜಿ ಒಂದು ಕಡೆ ಒಳಗಿನ ದಾರದ ಹೆಣಿಗೆ ಕಾಣುತ್ತಿತ್ತು. ರೆಗ್ಯುಲೇಟರ್ ಹೋಟೆಲ್ ಭಟ್ಟಿಗೆ ಹಾಕುವ ಹೆಚ್ಚಿನ ಒತ್ತಡದ್ದು. ಕಡಿಮೆ ಒತ್ತಡಕ್ಕೆ ಮಾಡಿದ ಬರ್ನರಿಗೆ ಅದನ್ನು ಜೋಡಿಸಿದರೆ ಜ್ವಾಲೆ ಹಳದಿಯಾಗಿ ಮಸಿ ಕಾರುತ್ತದೆ, ಮತ್ತು ಹೀಟರಿನ ಮೇಲಿನ ಪ್ಲೈವುಡ್ಡಿನಲ್ಲಿ ಅಂಗೈಯಗಲದ ಮಸಿಯಿತ್ತು.

ಸಿಲಿಂಡರನ್ನು ಒಳಗೆ ಇಟ್ಟದ್ದಕ್ಕೆ ಮಾಲೀಕರು ಕೊಟ್ಟ ಕಾರಣ, ಚಳಿಗೆ ಗ್ಯಾಸ್ ಬರುವುದಿಲ್ಲ ಎಂಬುದು. ಇದು ಅರ್ಧ ನಿಜ. ನಮ್ಮಲ್ಲಿ ಸಿಗುವ ಗ್ಯಾಸ್ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲಿಯೂ ಆವಿಯಾಗುತ್ತದೆ, ಬ್ಯೂಟೇನ್ ಮಾತ್ರ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನು ನಿಲ್ಲಿಸುತ್ತದೆ. ಹಿಮ ಬೀಳುವ ದೇಶಗಳಲ್ಲಿ ಶುದ್ಧ ಪ್ರೊಪೇನ್ ಬಳಸುವುದು ಅದಕ್ಕಾಗಿಯೇ, ಮತ್ತು ಅಲ್ಲಿಯೂ ಸಿಲಿಂಡರನ್ನು ಮಲಗುವ ಜಾಗದಲ್ಲಿ ಇಡುವುದಿಲ್ಲ. ನಮ್ಮ ಗಿರಿಗಳ ಚಳಿಗೆ ಸಿಲಿಂಡರ್ ಹೊರಗಿದ್ದರೆ ಉರಿ ಸ್ವಲ್ಪ ಮಂದವಾಗಬಹುದು, ನಿಂತುಹೋಗುವುದಿಲ್ಲ.

ಆ ಬಿಳಿ ಡಬ್ಬಿ ಅಡುಗೆಮನೆಗೆಂದು ಮಾರುವ ಎಲ್‌ಪಿಜಿ ಸೋರಿಕೆಯ ಅಲಾರಂ. ಅದಕ್ಕೆ ಕಾರ್ಬನ್ ಮಾನಾಕ್ಸೈಡ್ ಗೊತ್ತಾಗುವುದಿಲ್ಲ. ಸೋರಿಕೆಯಾದರೂ ಅದು ಕೂಗುತ್ತಿದ್ದುದು ಗ್ಯಾಸ್ ನೆಲದಿಂದ ಮಾಡಿನವರೆಗೆ ತುಂಬಿದ ಮೇಲೆ. ಎಲ್‌ಪಿಜಿ ಅಲಾರಂ ನೆಲದ ಹತ್ತಿರವಿರಬೇಕು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇರೆಯದೇ ಸಾಧನ, ಅದು ಮಲಗಿದವರ ತಲೆಯ ಮಟ್ಟಕ್ಕೆ ಹತ್ತಿರವಿರಬೇಕು. ಕೊಳ್ಳುವವರು ಡಬ್ಬಿಯ ಮೇಲೆ ಇಎನ್ 50291-2 ಎಂಬ ಗುರುತು ನೋಡಿ. ಅದು ವಾಹನಗಳಿಗೆಂದೇ ಇರುವ ಯುರೋಪಿನ ಮಾನದಂಡ. ವಾಸನೆಯಿಂದ ತಿಳಿಯುತ್ತದೆಂಬ ಭರವಸೆಯನ್ನೂ ಇಟ್ಟುಕೊಳ್ಳಬೇಡಿ. ಗ್ಯಾಸಿಗೆ ಬೆರೆಸುವ ಮರ್ಕ್ಯಾಪ್ಟಾನಿನ ವಾಸನೆ ಉರಿಯಲ್ಲಿ ಸುಟ್ಟುಹೋಗುತ್ತದೆ, ಕಾರ್ಬನ್ ಮಾನಾಕ್ಸೈಡಿಗೆ ತನ್ನದೇ ವಾಸನೆಯಿಲ್ಲ.

ಗ್ಯಾಸಿನಿಂದ ವ್ಯಾನನ್ನು ಬೆಚ್ಚಗಿಡಲು ಸುರಕ್ಷಿತ ದಾರಿಯಿದೆ. ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು, ಸುಟ್ಟ ಗಾಳಿಯನ್ನು ಹೊರಗೇ ಬಿಡುವ, ಉರಿಯುವ ಕೋಣೆ ಪೂರ್ತಿ ಮುಚ್ಚಿರುವ ಹೀಟರುಗಳಿವೆ. ಒಳಗೆ ಬರುವುದು ಬಿಸಿಯಾದ ಗಾಳಿ ಮಾತ್ರ. ಅಂಥದ್ದಿದ್ದರೆ ವಾಹನದ ಹೊರಮೈಯಲ್ಲೋ ತಳದಲ್ಲೋ ಅದರ ಕೊಳವೆಯ ಬಾಯಿ ಕಾಣಲೇಬೇಕು. ಮಾಲೀಕರಿಗೆ "ಹೊಗೆ ಎಲ್ಲಿಂದ ಹೋಗುತ್ತೆ, ತೋರಿಸಿ" ಎಂದು ಕೇಳಿ. ತೋರಿಸಲಾಗದಿದ್ದರೆ ಸಿಲಿಂಡರನ್ನು ಅಲ್ಲಿಯೇ ಇಳಿಸಿಕೊಳ್ಳಲು ಹೇಳಿ, ಕಂಬಳಿ ರಜಾಯಿ ಹೆಚ್ಚು ತೆಗೆದುಕೊಂಡು ಹೋಗಿ. ಅಡುಗೆ ಒಲೆಯನ್ನು ಚಳಿಗೆಂದು ಉರಿಸುವುದಾಗಲಿ, ಕೆಂಡದ ಬಾಣಲೆಯನ್ನು ಒಳಗೆ ತರುವುದಾಗಲಿ ಇದಕ್ಕಿಂತ ಕಡಿಮೆ ಅಪಾಯದ್ದಲ್ಲ. ನಾವು ಹಿಡಿದಿದ್ದ ವ್ಯಾನಿನ ಮಾಲೀಕರು ಬಾಡಿಗೆ ಹಣವನ್ನು ಹಿಂದಿರುಗಿಸಿದರು. ಹೀಟರನ್ನು ತೆಗೆಸುವ ಬಗ್ಗೆ ಮಾತ್ರ "ನೋಡೋಣ ಸಾರ್, ಸೀಸನ್ ಮುಗೀಲಿ" ಎಂದರು.

ಒಳಗಿದ್ದವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೆ ತಲೆನೋವು, ಓಕರಿಕೆ, ಮಂಪರು ಕಂಡರೆ ಅದನ್ನು ಘಾಟಿಯ ತಿರುವಿನ ತಲೆಗೋ ಊಟದ ತಲೆಗೋ ಕಟ್ಟದೆ ಎಲ್ಲರೂ ಹೊರಗೆ ಬನ್ನಿ, ಸಿಲಿಂಡರ್ ಬಂದ್ ಮಾಡಿ, 108ಕ್ಕೆ ಕರೆ ಮಾಡಿ. ಗ್ಯಾಸಿನ ವಾಸನೆಯಿದ್ದರೆ ಸ್ವಿಚ್ಚು ಮುಟ್ಟದೆ ದೂರ ಹೋಗಿ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ತಿಳಿಸಿ. ಆಸ್ಪತ್ರೆಯಲ್ಲಿ ಮೊದಲ ಮಾತಿಗೇ ಗ್ಯಾಸ್ ಹೀಟರ್ ಹಚ್ಚಿಕೊಂಡು ಮಲಗಿದ್ದೆವೆಂದು ಹೇಳಿ. ಹೇಳದಿದ್ದರೆ ಅವರ ಕೈಯಲ್ಲಿರುವ ಆಕ್ಸಿಮೀಟರೂ 98 ಎಂದೇ ತೋರಿಸಬಹುದು. ವ್ಯಾನಿನಲ್ಲಿ ಮಲಗಿದ್ದ ಯಾರೂ ವಾಹನ ಓಡಿಸಬಾರದು, ಏಕೆಂದರೆ ಚಾಲಕನ ರಕ್ತಕ್ಕೂ ಅದೇ ವಿಷ ಸೇರಿರುತ್ತದೆ. ತೋಟದವರನ್ನೋ ಹತ್ತಿರದ ಊರಿನವರನ್ನೋ ಎಬ್ಬಿಸಿ ಕರೆದುಕೊಂಡು ಹೋಗಿ.