ಪ್ಲೇ ಹೋಂಗೆ ಸೇರಿಸುವ ಮುಂಚೆ ಅಲ್ಲಿನ ನೆಲ ನೋಡಿ

ಶಿರಸಿಯಲ್ಲಿ ಸಣ್ಣ ಮಕ್ಕಳನ್ನು ಬಿಡೋಕೆ ಜಾಗ ಹುಡುಕುತ್ತಿದ್ದೀರಾ? ಹಾಗಾದರೆ ಇದನ್ನೊಮ್ಮೆ ಓದಿಬಿಡಿ. ನಾವು ನಮ್ಮ ಕೂಸನ್ನು ಬಿಟ್ಟಿದ್ದ ಪ್ಲೇ ಹೋಂನ ಹೆಸರು ಹಾಕುವುದಿಲ್ಲ. ಹೀಗೆ ನಡೆಯುವ ಜಾಗ ಅದೊಂದೇ ಇರಲಿಕ್ಕಿಲ್ಲ.

ನಮ್ಮ ಕೂಸನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಅಡಿಕೆ ಕೊನೆಕೊಯ್ಲು ಶುರುವಾದ ಮೇಲೆ ಅವರು ಊರಿಗೆ ಹೋಗಲೇಬೇಕಾಯಿತು. ಕೂಸಿಗೆ ಆಗ ಒಂಬತ್ತು ತಿಂಗಳು, ಅಂಬೆಗಾಲಿನಲ್ಲೇ ಇಡೀ ಮನೆ ಸುತ್ತುವ ವಯಸ್ಸು. ಪೇಟೆಯಲ್ಲಿ ಒಂದು ಪ್ಲೇ ಹೋಂ ಸಿಕ್ಕಿತು. ಗೋಡೆ ತುಂಬ ಎಬಿಸಿಡಿ, ಕಾರ್ಟೂನು. "ಒಂದೂವರೆ ವರ್ಷಕ್ಕೆಲ್ಲ ಹಣ್ಣು, ಬಣ್ಣ ಎಲ್ಲ ಹೇಳ್ತಾರೆ ಮೇಡಂ" ಅಂದರು ನಡೆಸುವವರು.

ಒಂದು ಮಧ್ಯಾಹ್ನ ಆಫೀಸಿನಿಂದ ಬೇಗ ಬಿಟ್ಟರು, ಫೋನ್ ಮಾಡದೆ ಹೋದೆ. ಹಾಲ್‌ನಲ್ಲಿ ಟಿವಿ ಹಾಡುತ್ತಿತ್ತು. ಅದರ ಮುಂದೆ ಎಳೆಯ ಮಕ್ಕಳೆಲ್ಲ ವಾಕರ್‌ನಲ್ಲಿ. ಕೆಲವರ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಲೂ ಇರಲಿಲ್ಲ, ಬೆರಳ ತುದಿಯಲ್ಲಿ ಒದ್ದುಕೊಳ್ಳುತ್ತಿದ್ದವು. ಆಯಾ ಹಿಂದಿನಿಂದ ಬಂದು ಒಂದೇ ಬಟ್ಟೆಯಲ್ಲಿ ಒಬ್ಬೊಬ್ಬರ ಮೂಗು ಒರೆಸುತ್ತಾ ಹೋದರು. ನಮ್ಮ ಕೂಸು ಬೆಚ್ಚಿಬಿದ್ದು ತಲೆ ಕೊಡವಿದಳು. ಯಾರು ಮುಟ್ಟಿದರು, ಯಾಕೆ ಮುಟ್ಟಿದರು ಅಂತ ಅವಳಿಗೆ ಗೊತ್ತಾಗುವುದಾದರೂ ಹೇಗೆ? ಆಯಾಗೆ ಬೈಯುವ ಮನಸ್ಸು ಬರಲಿಲ್ಲ. ಅಷ್ಟೂ ಮಕ್ಕಳಿಗೆ ಅವರೊಬ್ಬರೇ. "ನೆಲಕ್ಕೆ ಬಿಟ್ರೆ ಒಂದೊಂದು ಒಂದೊಂದು ಕಡೆ ಹೋಗ್ತಾವೆ ಅಕ್ಕ" ಅಂದರು. ನಿಜವಾದ ಕಾರಣ ಅದೇ.

ನಡೆಸುವವರ ಉತ್ತರ ಬೇರೆ ಇತ್ತು: "ವಾಕರ್‌ನಲ್ಲಿ ಹಾಕಿದ್ರೆ ಬೇಗ ನಡೀತಾರೆ." ಇದು ಸುಳ್ಳು. ವಾಕರ್‌ನಲ್ಲಿ ಮಗುವಿನ ಭಾರ ಹೊರುವುದು ಸೀಟು. ಮುಂದಿನ ಟ್ರೇ ಅಡ್ಡ ಬಂದು ಮಗುವಿಗೆ ತನ್ನ ಪಾದವೇ ಕಾಣುವುದಿಲ್ಲ. ತೂಕ ಹಿಡಿದು ನಿಲ್ಲುವುದನ್ನು ಕಲಿಯಲಿಕ್ಕೆ ಅಲ್ಲಿ ಅವಕಾಶವೇ ಇಲ್ಲ. ಅಷ್ಟಕ್ಕೂ ಅವಸರ ಯಾಕೆ? ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿದಾಗ, ಆರೋಗ್ಯವಾಗಿರುವ ಮಕ್ಕಳು ತಾವಾಗಿ ನಡೆಯಲು ಶುರು ಮಾಡಿದ್ದು ಸುಮಾರು 8ರಿಂದ 17 ತಿಂಗಳ ನಡುವೆ ಎಲ್ಲಿ ಬೇಕಾದರೂ ಆಗಿತ್ತು. ಪಕ್ಕದ ಮನೆ ಮಾಣಿ 10 ತಿಂಗಳಿಗೆ ನಡೆದ ಅಂತ ನಮ್ಮ ಕೂಸು ಹಿಂದೆ ಬಿದ್ದಿದೆ ಅಂತಲ್ಲ.

ಇನ್ನು ಮೇಲೆ ನೆಲದ ಮೇಲೆ ಬಿಡಿ ಎಂದೆ. ಆಗಲಿ ಅಂದರು. ಬಿಡಲಿಲ್ಲ.

ಒಂದು ದಿನ "ಸ್ವಲ್ಪ ಬಿದ್ದಿದಾಳೆ, ಬನ್ನಿ" ಅಂತ ಫೋನ್. ಗ್ಯಾಸ್ ಸಿಲಿಂಡರ್ ತಂದವನಿಗಾಗಿ ಬಾಗಿಲು ತೆರೆದಿದ್ದರಂತೆ. ವಾಕರ್ ಸಮೇತ ಜಗಲಿ ಮೆಟ್ಟಿಲಿನಿಂದ ಅಂಗಳಕ್ಕೆ ಉರುಳಿದ್ದಳು. ಹಣೆಗೆ ಹೊಲಿಗೆ ಬಿತ್ತು. ಪುಣ್ಯಕ್ಕೆ ಅಷ್ಟರಲ್ಲೇ ಮುಗಿಯಿತು. ವಾಕರ್‌ನಲ್ಲಿರುವ ಮಗು ಒಂದು ಸೆಕೆಂಡಿಗೆ ಮೂರು ಅಡಿಗಿಂತ ಜಾಸ್ತಿ ದೂರ ಹೋಗಬಲ್ಲದು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ ಎಚ್ಚರಿಸುತ್ತದೆ. ಪಕ್ಕದಲ್ಲೇ ನಿಂತಿದ್ದರೂ ಹಿಡಿಯೋಕೆ ಆಗುವುದಿಲ್ಲ. ಕೆನಡಾದಲ್ಲಿ 2004ರಿಂದ ವಾಕರ್ ಮಾರುವುದಕ್ಕೇ ನಿಷೇಧ. ನಮ್ಮಲ್ಲಿ ಇನ್ನೂ ನಾಮಕರಣಕ್ಕೆ ಅದೇ ಉಡುಗೊರೆ!

ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಎಮ್ಮಿ ಪಿಕ್ಲರ್ ಅಂತ ಒಬ್ಬ ಮಕ್ಕಳ ಡಾಕ್ಟರ್ ಇದ್ದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ದಿಕ್ಕಿಲ್ಲದ ಶಿಶುಗಳಿಗಾಗಿ ಒಂದು ಮನೆ ನಡೆಸಲು ಶುರು ಮಾಡಿದರು. ಮಗು ತಾನಾಗಿ ಕೂರುವವರೆಗೆ ಕೂರಿಸಬೇಡಿ, ತಾನಾಗಿ ನಿಲ್ಲುವವರೆಗೆ ನಿಲ್ಲಿಸಬೇಡಿ ಅನ್ನುವುದು ಅವರ ಪಟ್ಟು. ಇನ್ನೊಂದು ಮಾತು ನನಗೆ ಜಾಸ್ತಿ ಹಿಡಿಸಿತು. ಎತ್ತುವ ಮೊದಲು, ಬಟ್ಟೆ ಬದಲಿಸುವ ಮೊದಲು ಮಗುವಿಗೆ ಹೇಳಿ, ಒಂದು ಗಳಿಗೆ ಕಾಯಿರಿ ಅನ್ನುತ್ತಿದ್ದರು. ಇದಕ್ಕೆ ದುಡ್ಡು ಬೇಡ, ಆದರೆ ಕೈಗೆ ಪುರುಸೊತ್ತು ಬೇಕು. ಹತ್ತಾರು ಕೂಸುಗಳಿಗೆ ಒಬ್ಬರನ್ನೇ ಇಟ್ಟರೆ ಪುರುಸೊತ್ತು ಎಲ್ಲಿಂದ ಬರಬೇಕು?

ಹಾಗಾಗಿ ಗೋಡೆಯ ಚಿತ್ರಕ್ಕೆ ಮರುಳಾಗಬೇಡಿ. ಹನ್ನೊಂದು ಗಂಟೆ ಹೊತ್ತಿಗೆ, ಹೇಳದೆ ಕೇಳದೆ ಹೋಗಿ. ಎಳೆಯ ಮಕ್ಕಳು ನೆಲದ ಮೇಲೆ ಇದ್ದಾರಾ, ವಾಕರ್, ಕುರ್ಚಿಯಲ್ಲಿದ್ದಾರಾ ನೋಡಿ. ಒಂದೇ ಸಲಕ್ಕೆ ಒಂದು ಗಂಟೆಗಿಂತ ಜಾಸ್ತಿ ಮಗುವನ್ನು ಕಟ್ಟಿ ಕೂರಿಸಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಎರಡು ವರ್ಷ ತುಂಬದ ಮಕ್ಕಳಿಗೆ ಟಿವಿ, ಮೊಬೈಲು ಬೇಡವೇ ಬೇಡ ಅಂತಲೂ ಹೇಳಿದೆ. ಡೈಪರ್ ಬದಲಿಸುವಾಗ ಆಯಾ ಮಗುವಿನ ಮುಖ ನೋಡಿ ಮಾತಾಡ್ತಾರಾ ಗಮನಿಸಿ. ಒಳಗೆ ಬಿಡೋದಿಲ್ಲ, ಮಕ್ಕಳಿಗೆ ಡಿಸ್ಟರ್ಬ್ ಆಗುತ್ತೆ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.

ನಾವು ಕಟ್ಟಿದ್ದ ಅಡ್ವಾನ್ಸ್ ಇನ್ನೂ ಬಂದಿಲ್ಲ. "ರಸೀತಿ ತನ್ನಿ, ಕೊಡ್ತೇವೆ" ಅಂತಾರೆ. ರಸೀತಿ ಕೊಟ್ಟಿದ್ದರೆ ತಾನೇ ತರೋದು? ದುಡ್ಡು ಕೈಗೆ ಕೊಡಬೇಡಿ, ಅಕೌಂಟಿಗೆ ಹಾಕಿ.