ಬ್ಯಾಂಡ್ ಬಿಟ್ಟು ಸೋಲೋ ಹೊರಟವರೇ, ಹಿಂದೆ ಉಳಿದವರೇ, ಸಹಿ ಹಾಕುವ ಮೊದಲು ಇದನ್ನು ಓದಿ

ಕೇರಳದಲ್ಲಿರುವ ನಮ್ಮ ಕಾಸರಗೋಡಿನಲ್ಲಿ, ಮಂಜೇಶ್ವರದಿಂದ ಹೊಸದುರ್ಗದ ತನಕ, ಈಗ ಊರಿಗೊಂದು ಬ್ಯಾಂಡ್ ಇದೆ. ಸಂತೋಷ. ಆದರೆ ನಿಮ್ಮ ಬ್ಯಾಂಡಿನಲ್ಲಿ ಹಾಡುವವನಿಗೆ "ನೀನೊಬ್ಬನೇ ಬಾ, ನಿನ್ನನ್ನು ಸ್ಟಾರ್ ಮಾಡುತ್ತೇವೆ" ಅಂತ ಯಾವುದಾದರೂ ಮ್ಯೂಸಿಕ್ ಕಂಪನಿಯಿಂದ ಫೋನ್ ಬಂದಿದ್ದರೆ, ದಯವಿಟ್ಟು ಅವನನ್ನೂ ಕೂರಿಸಿಕೊಂಡು ಇದನ್ನು ಓದಿ. ನಮ್ಮಲ್ಲಿ ಸಹಿ ಬಿದ್ದ ಮೇಲೆ ವಿಷಯ ಗೊತ್ತಾಯಿತು. ಈಗ ನಮ್ಮ ಹಾಡನ್ನು ನಾವೇ ಹಾಕಿದರೂ ಯೂಟ್ಯೂಬ್ "ಇದು ಬೇರೆಯವರದ್ದು" ಅನ್ನುತ್ತಿದೆ.

ನಮ್ಮದು ರ‍್ಯಾಪ್ ರಾಕ್. ಅಂದರೆ ರಾಕ್ ಸಂಗೀತದ ಮೇಲೆ ಮಾತಿನ ಹಾಗೆ ತಾಳಕ್ಕೆ ಹೇಳುವ ಹಾಡು. ಬ್ಯಾಂಡಿನ ಹೆಸರು ಇಲ್ಲಿ ಬರೆಯುವುದಿಲ್ಲ, ಆ ಹೆಸರಿನ ಮೇಲೂ ಜಗಳ ನಡೆಯುತ್ತಿದೆ. ನಾನು ಗಿಟಾರ್. ಕುಂಬಳೆ ಹತ್ತಿರ ನಮ್ಮ ಮನೆಯ ಅಡಿಕೆ ಸುಲಿಯುವ ಶೆಡ್ಡಿನಲ್ಲಿ ಪ್ರಾಕ್ಟೀಸ್. ಡ್ರಮ್ಸ್ ಬಾರಿಸುವವನು ಬದಿಯಡ್ಕದವನು, ಮೊದಲು ಚೆಂಡೆ ಕಲಿತವನು. ಹಾಗಾಗಿ ಅವನ ಕೈಯಲ್ಲಿ ಮಾಮೂಲಿ ರಾಕ್ ಬೀಟ್ ಕೂಡ ಎಲ್ಲೋ ಒಂದು ಕಡೆ ತಿರುಗಿಬಿಡುತ್ತದೆ. ಹಾಡುವವನು ಉಪ್ಪಳದವನು. ಕನ್ನಡ, ತುಳು, ಮಲಯಾಳ, ಬ್ಯಾರಿ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಉಪ್ಪಳದ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೆ ನಿಮಗೂ ಕೇಳುವ ಮಾತೇ ಅದು, ಆದರೆ ಅದನ್ನು ತಾಳಕ್ಕೆ ಕೂರಿಸುವುದು ಎಲ್ಲರಿಗೂ ಬರುವುದಿಲ್ಲ. ಅವನು ಒಳ್ಳೆಯ ಹಾಡುಗಾರ. ಇವತ್ತಿಗೂ ಹೇಳುತ್ತೇನೆ.

ನಮ್ಮ ಹಾಡುಗಳಲ್ಲಿ ಜಾಸ್ತಿ ಓಡಿದ್ದು ಒಂದು. ಮಲಯಾಳದಲ್ಲಿರುವ ಅರ್ಜಿ ಫಾರ್ಮ್ ಹಿಡಿದು ವಿಲ್ಲೇಜ್ ಆಫೀಸಿನ ಜಗಲಿಯಲ್ಲಿ ನಿಂತ ಕನ್ನಡದ ಅಜ್ಜನ ಹಾಡು. ಅದು ಹೇಗೆ ಆಯಿತು ಅಂತ ಹೇಳಬೇಕು, ಮುಂದಿನ ಗಲಾಟೆಯೆಲ್ಲ ಅದರ ಮೇಲೆಯೇ. ಗಿಟಾರಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ತುಣುಕು, ನನ್ನದು. ಮಧ್ಯದಲ್ಲಿ ಎಲ್ಲರೂ ಸೇರಿ ಕೂಗುವ ಸಾಲಿನ ರಾಗ ಡ್ರಮ್ಸ್ ಹುಡುಗನದು. ಕನ್ನಡ, ತುಳು ಸಾಲುಗಳು ಹಾಡುಗಾರನವು. ಆಫೀಸಿನ ಗುಮಾಸ್ತ ಮಲಯಾಳದಲ್ಲಿ ಬೈಯುವ ಭಾಗ ಬಾಸ್ ಗಿಟಾರ್ ಬಾರಿಸುವವನು ಬರೆದದ್ದು. ಅವನಿಗೆ ಅದಕ್ಕೆ ಕಲ್ಪನೆ ಬೇಕಾಗಿರಲಿಲ್ಲ, ಅವನ ಅಪ್ಪನಿಗೆ ಆಗಿದ್ದೇ ಅದು. ಅಂದರೆ ನಾಲ್ವರ ಹಾಡು. ಇದನ್ನು ಯಾರೂ ಎಲ್ಲಿಯೂ ಬರೆದಿಡಲಿಲ್ಲ. ಯಾರು ಬರೆದಿಡುತ್ತಾರೆ ಹೇಳಿ?

ಹಾಡುಗಾರ ಬಿಟ್ಟು ಹೋದ ಅಂತ ನಾನು ದೂರುತ್ತಿಲ್ಲ. ಹಾಡುವವರು ಹೋಗುತ್ತಾರೆ. ಇದು ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು, ಭಾಗವತರು ಮೇಳ ಬದಲಿಸುವುದನ್ನು ನೋಡಿಯೇ ನಾವು ಬೆಳೆದದ್ದು. ತಿರುಗಾಟ ಮುಗಿಯುವ ಪತ್ತನಾಜೆ ದಿನ ಗೆಜ್ಜೆ ಬಿಚ್ಚಿದರೆ ಮುಂದಿನ ತಿರುಗಾಟಕ್ಕೆ ಬೇರೆ ಮೇಳ, ಅದಕ್ಕೆ ಯಾರೂ ಅಳುವುದಿಲ್ಲ. ಆದರೆ ಹೋಗುವ ಭಾಗವತರು ಮೇಳದ ಕಿರೀಟದ ಪೆಟ್ಟಿಗೆ ಹೊತ್ತುಕೊಂಡು ಹೋಗುವುದಿಲ್ಲ ಅಲ್ವಾ? ನಮ್ಮಲ್ಲಿ ಪೆಟ್ಟಿಗೆಯೇ ಹೋಯಿತು.

ಅವನು ಹೊರಟಾಗ ಕೊಟ್ಟ ಉದಾಹರಣೆ ಝ್ಯಾಕ್ ಡಿ ಲಾ ರೋಚಾ. ರೇಜ್ ಅಗೇನ್‌ಸ್ಟ್ ದ ಮೆಷೀನ್ ಬ್ಯಾಂಡಿನ ಹಾಡುಗಾರ, ಇವನ ಪಾಲಿಗೆ ದೇವರು. "ಝ್ಯಾಕ್ ಬಿಟ್ಟಿಲ್ವಾ?" ಅಂದ. ಡ್ರಮ್ಸ್ ಹುಡುಗ ಕಡ್ಡಿ ಕೆಳಗಿಟ್ಟು, "ಬಿಟ್ಟ ಮೇಲೆ ಎಂತ ಆಯ್ತು ಅಂತಲೂ ಹೇಳು ಮಾರಾಯ" ಅಂದ. ಆದದ್ದು ಇಷ್ಟು. ಝ್ಯಾಕ್ 2000ರ ಅಕ್ಟೋಬರಿನಲ್ಲಿ ಬ್ಯಾಂಡ್ ಬಿಟ್ಟ. ಉಳಿದ ಮೂವರು ಕ್ರಿಸ್ ಕಾರ್ನೆಲ್‌ನನ್ನು ಕರೆದುಕೊಂಡು ಆಡಿಯೋಸ್ಲೇವ್ ಕಟ್ಟಿದರು, 2002ರಲ್ಲಿ ಆಲ್ಬಮ್ ತಂದರು. ಝ್ಯಾಕ್ ಅವರಿವರ ಜೊತೆ ವರ್ಷಗಟ್ಟಲೆ ರೆಕಾರ್ಡ್ ಮಾಡಿದ, ಬಿಡಿ ಹಾಡುಗಳು ಬಂದವು, ಪೂರ್ತಿ ಸೋಲೋ ಆಲ್ಬಮ್ ಬರಲೇ ಇಲ್ಲ. 2007ರಲ್ಲಿ ಎಲ್ಲರೂ ಮತ್ತೆ ಒಂದೇ ಸ್ಟೇಜಿನಲ್ಲಿ ನಿಂತರು. ಇನ್ನೊಂದು ದಾರಿಯೂ ಇದೆ. ಲಿಂಕಿನ್ ಪಾರ್ಕಿನ ಮೈಕ್ ಶಿನೋಡಾ 2005ರಲ್ಲಿ ಫೋರ್ಟ್ ಮೈನರ್ ಅನ್ನುವ ಬೇರೆ ಹೆಸರಿನಲ್ಲಿ ಆಲ್ಬಮ್ ತಂದ, ಬ್ಯಾಂಡನ್ನೂ ಬಿಡಲಿಲ್ಲ. ಇದನ್ನು ನಾನು ಹೇಳಿದೆ. ಅಷ್ಟು ಹೊತ್ತಿಗೆ ನಮ್ಮ ಹಾಡುಗಾರನ ತಲೆಯಲ್ಲಿ ಕೊಚ್ಚಿಯ ಮ್ಯೂಸಿಕ್ ಕಂಪನಿ ಕೂತಾಗಿತ್ತು.

ಕೊಚ್ಚಿಯ ಕಂಪನಿಯ ಹೆಸರು ಹಾಕುವುದಿಲ್ಲ. ಹೆಸರು ಬದಲಿಸಿಕೊಂಡು ಬರುವವರಿಗೆ ಹೆಸರು ಹೇಳಿ ಏನು ಪ್ರಯೋಜನ? ಅವರ ರೀತಿ ಹೇಳುತ್ತೇನೆ, ಅದು ಬದಲಾಗುವುದಿಲ್ಲ. ಮೊದಲು ಇನ್‌ಸ್ಟಾಗ್ರಾಮಿನಲ್ಲಿ ಹೊಗಳಿಕೆ. ಆಮೇಲೆ ದೊಡ್ಡ ಹೋಟೆಲಿನ ಲಾಬಿಯಲ್ಲಿ ಮೀಟಿಂಗ್. "ಮೋನೇ, ಬ್ಯಾಂಡಿನವರು ನಿನ್ನ ಕಾಲು ಹಿಡಿದು ಎಳೆಯುತ್ತಿದ್ದಾರೆ" ಅನ್ನುವ ಮಾತು. ಇದನ್ನು ಹೇಳದ ಮಧ್ಯವರ್ತಿ ಇನ್ನೂ ಹುಟ್ಟಿಲ್ಲ ಅಂತ ಕಾಣುತ್ತದೆ. ಕೊನೆಗೆ "ಪ್ರಮೋಷನ್ ಪ್ಯಾಕೇಜ್". ಒಂದೂವರೆ ಲಕ್ಷ. ಶಾರ್ಜಾದಲ್ಲಿರುವ ಅವನ ಅಣ್ಣ ಕಳುಹಿಸಿದರು.

ಇಲ್ಲಿಯೇ ನಿಲ್ಲಿ. ನಿಮ್ಮ ಹಾಡು ಬೇಕು ಅನ್ನುವ ಕಂಪನಿ ನಿಮಗೆ ಹಣ ಕೊಡಬೇಕು, ಅಡ್ವಾನ್ಸೋ ರಾಯಲ್ಟಿಯೋ ಏನಾದರೊಂದು. ಹಾಡಿನ ಹಕ್ಕನ್ನೂ ತಗೊಂಡು, ಮೇಲಿಂದ ನಿಮ್ಮ ಹತ್ತಿರವೇ ದುಡ್ಡು ಕೇಳುವವರಿಗೆ ನಿಮ್ಮ ಸಂಗೀತ ಬೇಕಾಗಿಲ್ಲ. ಪ್ಯಾಕೇಜಿನಲ್ಲಿ ಸಿಕ್ಕಿದ್ದೇನು? ಎಲ್ಲಿಯೋ ರೆಡಿ ಇದ್ದ ಬೀಟಿನ ಮೇಲೆ ಒಂದು ಹಾಡು. ಒಂದೇ ರಾತ್ರಿಯಲ್ಲಿ ಏರಿದ ವ್ಯೂಸ್, ಅದರ ಕೆಳಗೆ ಫೋಟೋ ಇಲ್ಲದ ಪ್ರೊಫೈಲುಗಳ "ನೈಸ್ ಬ್ರೋ". ಕೆಲವು ವಾರದಲ್ಲಿ ಯೂಟ್ಯೂಬ್ ಅದರಲ್ಲಿ ಬಹುಪಾಲು ಕಳೆದುಹಾಕಿತು. ಕೊಂಡು ತಂದ ವ್ಯೂಸ್ ಗೊತ್ತಾದರೆ ಅವರು ತೆಗೆಯುತ್ತಾರೆ. ಸ್ಪಾಟಿಫೈಯಲ್ಲಿ 2024ರಿಂದ ಇನ್ನೊಂದು ನಿಯಮ ಇದೆ: ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸಲ ಓಡದ ಹಾಡಿಗೆ ರಾಯಲ್ಟಿಯೇ ಇಲ್ಲ. ಅವನ ಸೋಲೋ ಹಾಡು ಅಷ್ಟು ಕೂಡ ಓಡಲಿಲ್ಲ.

ಇಷ್ಟೇ ಆಗಿದ್ದರೆ ಅವನ ಅಣ್ಣನ ದುಡ್ಡು ಹೋಯಿತು ಅಂತ ಸುಮ್ನೆ ಇರಬಹುದಿತ್ತು. ಆದರೆ ಬ್ಯಾಂಡಿನ ಚಾನೆಲ್ ಇದ್ದದ್ದು ಅವನ ಸ್ವಂತ ಜಿಮೇಲಿನಲ್ಲಿ. "ಆರ್ಟಿಸ್ಟ್ ಪೇಜ್ ಸೆಟ್ ಮಾಡಬೇಕು, ಪಾಸ್‌ವರ್ಡ್ ಕೊಡು" ಅಂದರಂತೆ, ಕೊಟ್ಟ. ಅವರು ರಿಕವರಿ ಫೋನ್ ನಂಬರ್ ಬದಲಿಸಿದರು, ಚಾನೆಲಿಗೆ ಅವನ ಸೋಲೋ ಹೆಸರು ಹಾಕಿದರು, ನಮ್ಮ ಮುಖ ಕಾಣುವ ವಿಡಿಯೋಗಳನ್ನೆಲ್ಲ ಪ್ರೈವೇಟ್ ಮಾಡಿದರು. ನಮಗೆ ಇದು ಗೊತ್ತಾದದ್ದು ಬಾಸ್ ಹುಡುಗನ ಅಮ್ಮನಿಂದ. ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಮಗ ಬಾರಿಸಿದ ವಿಡಿಯೋವನ್ನು ಅವರು ದಿನಾ ನೋಡುತ್ತಿದ್ದರು. ಒಂದು ದಿನ ತೆರೆಯಲಿಲ್ಲ. ನೆಟ್ ಮುಗಿಯಿತು ಅಂದುಕೊಂಡು ರೀಚಾರ್ಜ್ ಮಾಡಿಸಿದರು. ಆಗಲೂ ಬರಲಿಲ್ಲ. ಮಗನಿಗೆ ಬೈದರು.

ನಾವು ಹೊಸ ಚಾನೆಲ್ ಮಾಡಿ ಅಜ್ಜನ ಹಾಡಿನ ಲೈವ್ ವಿಡಿಯೋ ಹಾಕಿದೆವು. ಅವತ್ತೇ ಕಾಪಿರೈಟ್ ಕ್ಲೇಮ್ ಬಂತು. ಕಂಪನಿ ನಮ್ಮ ಹಳೆಯ ಹಾಡುಗಳನ್ನೆಲ್ಲ ತನ್ನದು ಅಂತ ಕಂಟೆಂಟ್ ಐಡಿಯಲ್ಲಿ, ಅಂದರೆ ಯಾರ ಹಾಡು ಅಂತ ತಾನಾಗಿ ಗುರುತಿಸುವ ಯೂಟ್ಯೂಬಿನ ವ್ಯವಸ್ಥೆಯಲ್ಲಿ, ಹಾಕಿಸಿತ್ತು. ಆ ವಿಡಿಯೋದಿಂದ ಬರುವ ಪುಡಿಗಾಸೂ ಅವರಿಗೆ.

ಆಮೇಲೆ ಒಂದು ಸಂಜೆ ಹಾಡುಗಾರನೇ ಕರಾರಿನ ಕಾಪಿ ಹಿಡಿದುಕೊಂಡು ಶೆಡ್ಡಿಗೆ ಬಂದ. ನಮ್ಮ ಜೊತೆ ಮಾತು ಬಿಟ್ಟಿದ್ದವನು. ಪೂರ್ತಿ ಇಂಗ್ಲಿಷ್, ಸಣ್ಣ ಅಕ್ಷರ. ಅದರಲ್ಲಿ ಇದ್ದದ್ದು ಹೀಗೆ. ಅವನ "ಹಿಂದಿನ ಮತ್ತು ಮುಂದಿನ ಎಲ್ಲ ಕೃತಿಗಳು" ಕಂಪನಿಗೆ, "ಇಡೀ ವಿಶ್ವದಲ್ಲಿ, ಶಾಶ್ವತವಾಗಿ". ವಿಶ್ವದಲ್ಲಿ! ಚಂದ್ರನ ಮೇಲೆ ಹೋಗಿ ಹಾಡಿದರೂ ಕೊಚ್ಚಿಗೆ ಕಟ್ಟಬೇಕು. ನಗಬೇಡಿ, ಈ ಸಾಲು ಇಂಥ ಕರಾರುಗಳಲ್ಲಿ ನಿಜವಾಗಿಯೂ ಇರುತ್ತದೆ. ಹಿಂದಿನ ಹಾಡುಗಳಿಗೆ "ನಾನೊಬ್ಬನೇ ಕರ್ತೃ" ಅಂತ ಅವನಿಂದ ಬರೆಸಿಕೊಂಡಿದ್ದರು. ಅದಕ್ಕೆ ಯಾರಾದರೂ ಕೇಸ್ ಹಾಕಿದರೆ ಖರ್ಚೆಲ್ಲ ಅವನ ತಲೆಗೆ. ಕರಾರಿನಿಂದ ಹೊರಗೆ ಬರಬೇಕಾದರೆ 5 ಲಕ್ಷ. ಅವನ ಸ್ಟೇಜ್ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕುವ ಹಕ್ಕೂ ಕಂಪನಿಗೆ. ಅಂದರೆ ನಾಳೆ ಅವನು ಬೇರೆ ಕಡೆ ಹಾಡಿದರೆ ತನ್ನದೇ ಹೆಸರು ಹೇಳುವ ಹಾಗಿಲ್ಲ. ಓದುತ್ತಾ ಓದುತ್ತಾ ಡ್ರಮ್ಸ್ ಹುಡುಗನಿಗೆ ಸಿಟ್ಟು ಇಳಿಯಿತು. ನಮಗಿಂತ ಜಾಸ್ತಿ ಕಳೆದುಕೊಂಡವನು ಎದುರಿಗೇ ಕೂತಿದ್ದ.

ಕಾಸರಗೋಡಿನ ವಕೀಲೆಯೊಬ್ಬರಿಗೆ ತೋರಿಸಿದೆವು. ಅವರು ವಿದ್ಯಾನಗರದ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವವರು. ಹೇಳಿದ್ದರಲ್ಲಿ ನಿಮಗೆ ಬೇಕಾಗುವುದನ್ನು ಬರೆಯುತ್ತೇನೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹಕ್ಕು ಬಿಟ್ಟುಕೊಡಬೇಕಾದರೆ ಬರಹದಲ್ಲಿ ಇರಬೇಕು, ಸಹಿ ಇರಬೇಕು. ಬಾಯಿಮಾತಿಗೆ ಬೆಲೆ ಇಲ್ಲ. ಎಷ್ಟು ವರ್ಷ ಅಂತ ಕರಾರಿನಲ್ಲಿ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ, ಎಲ್ಲಿ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಅದಕ್ಕೇ "ವಿಶ್ವ", "ಶಾಶ್ವತ" ಅಂತ ಬಾಯಿ ತುಂಬ ಬರೆದುಕೊಳ್ಳುತ್ತಾರೆ. ತಗೊಂಡ ಹಕ್ಕನ್ನು ಒಂದು ವರ್ಷ ಬಳಸದೆ ಇಟ್ಟರೆ ಅದು ಬಿದ್ದುಹೋಗುತ್ತದೆ, ಆದರೆ ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಇಲ್ಲ. ಇವರು ಬೇರೆ ರೀತಿಯೇ ಬರೆದಿದ್ದರು. ಒಂದು ಒಳ್ಳೆಯ ಸುದ್ದಿ: 2012ರ ತಿದ್ದುಪಡಿ ಆದ ಮೇಲೆ ಸಾಹಿತ್ಯ ಬರೆದವರು, ರಾಗ ಹಾಕಿದವರು ರಾಯಲ್ಟಿಯಲ್ಲಿ ತಮಗೆ ಬರುವ ಸಮಪಾಲನ್ನು ಇಂಥ ಕಂಪನಿಗೆ ಬಿಟ್ಟುಕೊಡಲು ಬರುವುದೇ ಇಲ್ಲ. ಕರಾರಿನಲ್ಲಿ ಬಿಟ್ಟುಕೊಟ್ಟೆ ಅಂತ ಬರೆದರೂ ಆ ಸಾಲು ನಿಲ್ಲುವುದಿಲ್ಲ. ಇನ್ನು ನಾಲ್ವರು ಸೇರಿ ಮಾಡಿದ ಹಾಡನ್ನು ಒಬ್ಬನೇ ಸಹಿ ಹಾಕಿ ಕೊಟ್ಟರೆ ಸಾಲದು, ಆದರೆ ನಾಲ್ವರು ಸೇರಿ ಮಾಡಿದ್ದು ಅಂತ ತೋರಿಸಬೇಕಾದವರು ನಾವು.

ತೋರಿಸಲು ನಮ್ಮ ಹತ್ತಿರ ಇದ್ದದ್ದು ನನ್ನ ಲ್ಯಾಪ್‌ಟಾಪಿನ ಪ್ರಾಜೆಕ್ಟ್ ಫೈಲುಗಳು, ತಾರೀಕಿನ ಸಮೇತ. ಮತ್ತೆ ವಾಟ್ಸಾಪ್ ಗ್ರೂಪಿನ ವಾಯ್ಸ್ ಮೆಸೇಜುಗಳು. ಒಂದರಲ್ಲಿ ಡ್ರಮ್ಸ್ ಹುಡುಗ ಬೈಕ್ ನಿಲ್ಲಿಸಿ ಕೂಗುವ ಸಾಲಿನ ರಾಗ ಹೇಳುತ್ತಾನೆ, ಹಿಂದೆ ಬಸ್ಸಿನ ಹಾರ್ನ್. ಅದಕ್ಕೆ ಉತ್ತರವಾಗಿ ಹಾಡುಗಾರನದೇ ಧ್ವನಿ: "ಇದು ಭಾರಿ ಉಂಟು, ಇದನ್ನೇ ಇಡುವ". ವಕೀಲೆ ಅದನ್ನು ಎರಡು ಸಲ ಕೇಳಿಸಿಕೊಂಡರು. ಹಳೆಯ ವಾಯ್ಸ್ ಮೆಸೇಜ್ ಅಳಿಸಬೇಡಿ. ಫೋನ್ ತುಂಬಿದರೆ ಮದುವೆ ವಿಡಿಯೋಗಳನ್ನು ಅಳಿಸಿ.

ಯೂಟ್ಯೂಬಿನಲ್ಲಿ ಕ್ಲೇಮ್ ಬಂದರೆ ಹೆದರಿ ವಿಡಿಯೋ ತೆಗೆಯಬೇಡಿ. ನಿಮ್ಮದೇ ಹಾಡು ಅನ್ನುವುದಕ್ಕೆ ದಾಖಲೆ ಇದ್ದರೆ ಡಿಸ್ಪ್ಯೂಟ್ (ತಕರಾರು) ಹಾಕಿ. ಎದುರಿನವರಿಗೆ ಉತ್ತರ ಕೊಡಲು 30 ದಿನ ಇದೆ, ಕೊಡದಿದ್ದರೆ ಕ್ಲೇಮ್ ತಾನಾಗಿ ಬಿಟ್ಟುಹೋಗುತ್ತದೆ. ಅವರು ಒಪ್ಪದಿದ್ದರೆ ಅಪೀಲು, ಅದಕ್ಕೆ ಅವರಿಗೆ 7 ದಿನ. ಅಲ್ಲಿಗೆ ಹೋಗುವ ಮೊದಲು ಮಾತ್ರ ವಕೀಲರನ್ನು ಕೇಳಿ. ಅಪೀಲಿನ ಮೇಲೆ ಅವರು ಟೇಕ್‌ಡೌನ್, ಅಂದರೆ ವಿಡಿಯೋ ತೆಗೆಸುವ ನೋಟಿಸ್, ಕಳುಹಿಸಿದರೆ ಚಾನೆಲಿನ ಮೇಲೆ ಸ್ಟ್ರೈಕ್ (ತಪ್ಪಿನ ಗುರುತು) ಬೀಳಬಹುದು, 90 ದಿನದೊಳಗೆ ಮೂರು ಸ್ಟ್ರೈಕ್ ಆದರೆ ಚಾನೆಲೇ ಹೋಗಬಹುದು. ನಮ್ಮದರಲ್ಲಿ ಒಂದು ಹಾಡಿನ ಕ್ಲೇಮನ್ನು ಅವರು ಬಿಟ್ಟರು. ಅಜ್ಜನ ಹಾಡಿನದು ಬಿಟ್ಟಿಲ್ಲ. ಹಳೆಯ ಚಾನೆಲ್ ಇನ್ನೂ ಅವರ ಕೈಯಲ್ಲಿಯೇ ಇದೆ.

ಈಗ ಬ್ಯಾಂಡ್ ಚೆನ್ನಾಗಿ ನಡೆಯುತ್ತಿದ್ದರೆ ಈ ವಾರವೇ ಇಷ್ಟು ಮಾಡಿಕೊಳ್ಳಿ. ಚಾನೆಲನ್ನು ಬ್ರಾಂಡ್ ಅಕೌಂಟಿಗೆ (ಹಲವರು ಒಟ್ಟಿಗೆ ನಡೆಸಬಹುದಾದ ಖಾತೆಗೆ) ಬದಲಿಸಿ, ಒಬ್ಬರಿಗಿಂತ ಜಾಸ್ತಿ ಜನರನ್ನು ಓನರ್ ಮಾಡಿ. ಸ್ಪಾಟಿಫೈ ಮುಂತಾದ ಕಡೆಗೆ ಹಾಡು ಕಳುಹಿಸುವ ಡಿಸ್ಟ್ರಿಬ್ಯೂಟರ್ ಲಾಗಿನ್ ಕೂಡ ಹಾಗೆಯೇ, ಒಬ್ಬನ ಫೋನಿನಲ್ಲಿ ಮಾತ್ರ ಇರಬಾರದು. ಪ್ರತಿ ಹಾಡಿನ ಐಎಸ್‌ಆರ್‌ಸಿ ನಂಬರ್ (ಆ ರೆಕಾರ್ಡಿಂಗಿನ ಗುರುತಿನ ಸಂಖ್ಯೆ) ಬರೆದಿಡಿ. ಮುಂದೆ ಬೇರೆ ಡಿಸ್ಟ್ರಿಬ್ಯೂಟರ್ ಕಡೆ ಹೋದರೆ ಅದೇ ನಂಬರ್ ಕೊಟ್ಟು ಹಳೆಯ ಲೆಕ್ಕ ಉಳಿಸಿಕೊಳ್ಳಬಹುದು. ಯಾರು ಏನು ಬರೆದರು, ಯಾರು ಬಿಟ್ಟರೆ ಬ್ಯಾಂಡಿನ ಹೆಸರು ಯಾರಿಗೆ, ಬಿಟ್ಟವರು ಹಳೆಯ ಹಾಡು ಸ್ಟೇಜಿನಲ್ಲಿ ಹಾಡಬಹುದೇ, ಇದನ್ನು ಒಂದು ಹಾಳೆಯಲ್ಲಿ ನಿಮಗೆ ಓದಲು ಬರುವ ಭಾಷೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಜಾಸ್ತಿ ಓಡುವ ಹಾಡಿದ್ದರೆ ಕಾಪಿರೈಟ್ ಆಫೀಸಿನಲ್ಲಿ ರಿಜಿಸ್ಟರ್ ಮಾಡಿಸಿ. ಆನ್‌ಲೈನಿನಲ್ಲಿಯೇ ಆಗುತ್ತದೆ. ಸಾಹಿತ್ಯ ಅಥವಾ ಸಂಗೀತಕ್ಕೆ 500 ರೂಪಾಯಿ, ರೆಕಾರ್ಡಿಂಗಿಗೆ 2000. ನಮ್ಮ ಒಂದು ದಿನದ ಸೌಂಡ್ ಸಿಸ್ಟಮ್ ಬಾಡಿಗೆಗಿಂತ ಕಮ್ಮಿ.

ಹಾಡುಗಾರರಿಗೆ ಹೇಳುವುದು ಬೇರೆ. ಸೋಲೋ ಹೋಗಿ, ಧಾರಾಳವಾಗಿ ಹೋಗಿ. ಆದರೆ ಕರಾರಿನಲ್ಲಿ "ಹಿಂದಿನ ಕೃತಿಗಳು" ಅಂತ ಕಂಡರೆ ಆ ಸಾಲು ಹೊಡೆದುಹಾಕದೆ ಸಹಿ ಹಾಕಬೇಡಿ. "ನಾನೊಬ್ಬನೇ ಕರ್ತೃ" ಅಂತ ಇದ್ದರೆ, ನಿಜವಾಗಿ ಒಬ್ಬರೇ ಮಾಡಿದ್ದಾ ಅಂತ ನೆನಪು ಮಾಡಿಕೊಳ್ಳಿ. "ಇವತ್ತೇ ಸಹಿ ಹಾಕದಿದ್ದರೆ ಚಾನ್ಸ್ ಹೋಯಿತು" ಅಂದರೆ ಹೋಗಲಿ ಬಿಡಿ. ಪಾಸ್‌ವರ್ಡ್ ಮಾತ್ರ ಯಾರಿಗೂ ಬೇಡ.

ಇದನ್ನು ಈಗ ಬರೆಯುವುದಕ್ಕೆ ಕಾರಣ ಇದೆ. ಹೊಸದುರ್ಗ ಕಡೆಯ ಇಬ್ಬರು ಹುಡುಗರಿಗೆ, ಪೆರ್ಲದ ಒಬ್ಬಳು ಹುಡುಗಿಗೆ ಹೋದ ತಿಂಗಳು ಇದೇ ಕರಾರು ಬಂದಿದೆ. ಕಂಪನಿಯ ಹೆಸರು ಬೇರೆ, ಒಳಗಿನ ಸಾಲುಗಳು ಅವೇ, ಪ್ಯಾಕೇಜ್ ಮಾತ್ರ ಎರಡು ಲಕ್ಷ ಆಗಿದೆ. ಹುಡುಗಿ ಸಹಿ ಹಾಕಿಲ್ಲ, ನಮಗೆ ಕಳುಹಿಸಿದಳು. ಹುಡುಗರಲ್ಲಿ ಒಬ್ಬ ಹಾಕಿಯಾಗಿದೆ, ದುಡ್ಡು ಇನ್ನೂ ಕೊಟ್ಟಿಲ್ಲ. ಅವನನ್ನು ಈ ಸೋಮವಾರ ವಕೀಲೆಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇವೆ, ನಮ್ಮ ಹಾಡುಗಾರನೂ ಬರುತ್ತಾನೆ. ನಿಮ್ಮ ಹತ್ತಿರವೂ ಇಂಥ ಕಾಗದ ಇದ್ದರೆ ಅವತ್ತೇ ಹಿಡಿದುಕೊಂಡು ಬನ್ನಿ, ಎಲ್ಲ ಒಟ್ಟಿಗೆ ತೋರಿಸುವ.