ಆರು ವರ್ಷ ಎಳೆದ ಮೇಲೆ: ನಾನೇ ಕಟ್ಟಿದ ಕಯಾಕ್ ಟ್ರೇಲರ್

ಕಯಾಕ್ (ಹುಟ್ಟು ಹಾಕಿ ಓಡಿಸುವ ಸಣ್ಣ, ಉದ್ದ ದೋಣಿ) ಸಾಗಿಸುವ ಈ ಟ್ರೇಲರ್ ಕಟ್ಟಿ ಆರು ವರ್ಷ ಆಯ್ತು. ಇಲ್ಲಿಯವರೆಗೆ ಸುಮಾರು 14,000 ಕಿ.ಮೀ. ಎಳೆದಿದ್ದೇನೆ. ಮೊದಲ ತಿಂಗಳಲ್ಲೇ ಬರೆಯಲು ಕೂತಿದ್ದರೆ ಬರೀ ಹೊಗಳಿಕೆ ಆಗುತ್ತಿತ್ತು. ಯಾವುದು ಬಾಳಿಕೆ ಬಂತು, ಯಾವುದನ್ನು ಕಿತ್ತು ಮತ್ತೆ ಮಾಡಬೇಕಾಯ್ತು ಅನ್ನುವುದು ಈಗ ಗೊತ್ತಾಗಿದೆ.

ಕಟ್ಟಲು ಕಾರಣ ನನ್ನ ಅಣ್ಣ. ಭುಜದ ಆಪರೇಷನ್ ಆದ ಮೇಲೆ ಅವನಿಗೆ ಕಯಾಕನ್ನು ಕಾರಿನ ಮೇಲಕ್ಕೆ ಎತ್ತಿಡಲು ಆಗುತ್ತಿರಲಿಲ್ಲ. ನಮ್ಮ ಪ್ಲಾಸ್ಟಿಕ್ ಕಯಾಕ್‌ಗಳು ಒಂದೊಂದೂ 25 ಕೆ.ಜಿ. ಹತ್ತಿರ ಇವೆ. ತೂಕಕ್ಕಿಂತ ಉದ್ದದ ಕಾಟವೇ ಜಾಸ್ತಿ. ತಲೆ ಮೇಲೆ ಎತ್ತಿ ಹಿಡಿದಾಗ ಸ್ವಲ್ಪ ಗಾಳಿ ಬೀಸಿದರೂ ಸಾಕು, ಗಿರ್ರನೆ ತಿರುಗಿಬಿಡುತ್ತದೆ. "ನೀವೆಲ್ಲ ಹೋಗ್ಬನ್ನಿ, ನಾನು ದಡದಲ್ಲಿ ಕೂತಿರ್ತೀನಿ" ಅಂತ ಅಣ್ಣ ಎರಡು ಸಲ ಹೇಳಿದ. ಮೂರನೇ ಸಲ ಅದನ್ನು ಕೇಳಲು ನನಗೆ ಮನಸ್ಸಿರಲಿಲ್ಲ. ಆ ವಾರವೇ ಪೈಪ್ ತಂದೆ.

ನಮ್ಮದು ನಾಲ್ಕು ಕಯಾಕ್ ಹಿಡಿಸುವ ಟ್ರೇಲರ್. ಎರಡು ಕೆಳಗೆ, ಎರಡು ಮೇಲೆ. ಕೆಳಗಿನ ಅಡ್ಡಪಟ್ಟಿ ಸೊಂಟದ ಎತ್ತರಕ್ಕಿದೆ, ಮೇಲಿನದು ಎದೆಯ ಎತ್ತರಕ್ಕೆ. ಚೌಕಟ್ಟು 50×50 ಮಿ.ಮೀ. ಚೌಕ ಪೈಪಿನದು, 3 ಮಿ.ಮೀ. ದಪ್ಪ. ಖಾಲಿ ಟ್ರೇಲರ್ 110 ಕೆ.ಜಿ., ತುಂಬಿದಾಗ ಸುಮಾರು 210. ಸಣ್ಣ ಕಾರೂ ಸುಲಭವಾಗಿ ಎಳೆಯುವ ತೂಕ ಇದು. ಆದರೂ ನಿಮ್ಮ ಕಾರು ಎಷ್ಟು ಎಳೆಯಬಹುದು ಅನ್ನುವುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಮನೆಯಲ್ಲಿ ಕಟ್ಟಿದ ಟ್ರೇಲರನ್ನು ರಸ್ತೆಗೆ ಇಳಿಸಲು ನಿಮ್ಮ ಕಡೆ ಏನು ನಿಯಮ ಇದೆ ಅಂತ ಪೈಪ್ ಕೊಯ್ಯುವ ಮೊದಲೇ ವಿಚಾರಿಸಿ.

ನಾನು ತಡವಾಗಿ ಕಲಿತ ಪಾಠ ಒಂದೇ. ಕಯಾಕ್ ಹೊರೆ ಹಗುರ, ಆದರೆ ಉದ್ದ. ಅಂಗಡಿಯಲ್ಲಿ ಸಿಗುವ ಆಕ್ಸಲ್ (ಚಕ್ರಗಳ ಅಚ್ಚು), ಸ್ಪ್ರಿಂಗ್, ಟೈರ್ ಎಲ್ಲ ಭಾರವಾದ, ಗಿಡ್ಡ ಹೊರೆಗೆ ಅಂತ ಮಾಡಿದ್ದು. ನನಗೆ ಬಂದ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಹುಟ್ಟಿದವು.

ಸ್ಪ್ರಿಂಗ್ ವಿಷಯ ತಗೊಳ್ಳಿ. ನಾನು ತಂದ ಆಕ್ಸಲ್ 500 ಕೆ.ಜಿ. ಹೊರುವಂಥದ್ದು, ಎರಡೂ ಕಡೆ ನಾಲ್ಕು ನಾಲ್ಕು ಪಟ್ಟಿಯ ಲೀಫ್ ಸ್ಪ್ರಿಂಗ್. ಗಟ್ಟಿ ಇದ್ದಷ್ಟೂ ಒಳ್ಳೇದು ಅಂದುಕೊಂಡಿದ್ದೆ. ಮೊದಲ ಪ್ರಯಾಣದಲ್ಲೇ ಗೊತ್ತಾಯ್ತು. 200 ಕೆ.ಜಿ.ಗೆ ಆ ಸ್ಪ್ರಿಂಗ್ ಬಗ್ಗುವುದೇ ಇಲ್ಲ. ರಸ್ತೆಯ ಪ್ರತಿ ಉಬ್ಬಿಗೂ ಟ್ರೇಲರ್ ಕುಪ್ಪಳಿಸುತ್ತಿತ್ತು. ಆ ಏಟು ನೇರವಾಗಿ ಕಯಾಕ್ ತಳಕ್ಕೆ, ವೆಲ್ಡಿಂಗ್ ಜೋಡಣೆಗೆ, ದೀಪದ ವೈರಿಗೆ ಹೋಗುತ್ತಿತ್ತು. ಎರಡು ತಿಂಗಳಲ್ಲಿ ಮೂರು ನಟ್ಟು ಸಡಿಲ ಆದವು. ಕೊನೆಗೆ ಸ್ಪ್ರಿಂಗ್ ಬಿಚ್ಚಿ, ಉದ್ದದ ಮುಖ್ಯ ಪಟ್ಟಿ ಮತ್ತು ಅದರ ಕೆಳಗಿನ ಒಂದನ್ನು ಉಳಿಸಿಕೊಂಡು ಮಿಕ್ಕ ಎರಡನ್ನು ತೆಗೆದೆ. ಟೈರಿನ ಗಾಳಿಯನ್ನೂ ಇಳಿಸಿದೆ. ಟೈರಿನ ಪಕ್ಕದಲ್ಲಿ ಬರೆದಿರುವ ಒತ್ತಡ ಪೂರ್ತಿ ಹೊರೆಗೆ ಲೆಕ್ಕ ಹಾಕಿದ್ದು. ಟೈರ್ ಕಂಪನಿಯ ಲೋಡ್ ಪಟ್ಟಿ ನೋಡಿ ನಾನು 22 ಪಿಎಸ್‌ಐ ಇಡುತ್ತೇನೆ. ಅಲ್ಲಿಂದ ಮುಂದೆ ಟ್ರೇಲರ್ ಹಿಂದೆ ಇದೆ ಅನ್ನುವುದೇ ಮರೆತುಹೋಗುವಷ್ಟು ಮೆತ್ತಗೆ ಬರುತ್ತಿದೆ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಪಟ್ಟಿ ತೆಗೆದ ಮೇಲೆ ಅದು 500 ಕೆ.ಜಿ. ಟ್ರೇಲರ್ ಅಲ್ಲ. ಯಾರಾದರೂ ಮರಳು ತುಂಬಲು ಕೇಳಿದರೆ ಕೊಡಬೇಡಿ. ನಾನು "ಕಯಾಕ್ ಮಾತ್ರ, 250 ಕೆ.ಜಿ. ಒಳಗೆ" ಅಂತ ಚೌಕಟ್ಟಿನ ಮೇಲೆ ಬಣ್ಣದಲ್ಲಿ ಬರೆದಿದ್ದೇನೆ.

ಇನ್ನು ಮೂಕಿ. ಕಾರಿನಿಂದ ಆಕ್ಸಲ್‌ವರೆಗೆ ಚಾಚಿರುವ ಉದ್ದ ಪೈಪಿಗೆ ನಮ್ಮ ಮನೆಯಲ್ಲಿ ಎಲ್ಲರೂ ಗಾಡಿಯ ಮೂಕಿ ಅಂತಲೇ ಹೇಳುತ್ತೇವೆ. ಮೂಕಿ ಉದ್ದ ಇದ್ದಷ್ಟೂ ಟ್ರೇಲರ್ ಹಿಂದಕ್ಕೆ ತಗೊಳ್ಳುವಾಗ ನಿಧಾನವಾಗಿ ತಿರುಗುತ್ತದೆ, ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಗಿಡ್ಡ ಇದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಡಚಿಕೊಳ್ಳುತ್ತದೆ. ಜೊತೆಗೆ ನಮ್ಮ ಉದ್ದದ ಕಯಾಕ್ 5 ಮೀಟರ್ ಇದೆ. ತಿರುವಿನಲ್ಲಿ ಅದರ ಮೂತಿ ಕಾರಿನ ಹಿಂಬದಿ ಮೂಲೆಗೆ ತಾಗಬಾರದು. ಡಿಕ್ಕಿ ಬಾಗಿಲು ಪೂರ್ತಿ ಮೇಲೆತ್ತಿದಾಗಲೂ ತಾಗಬಾರದು. ಈ ಎರಡನೆಯದನ್ನು ತುಂಬ ಜನ ಮರೆಯುತ್ತಾರೆ. ಪೈಪ್ ಕೊಯ್ಯುವ ಮುಂಚೆ ಕಾರನ್ನು ನಿಲ್ಲಿಸಿ, ಡಿಕ್ಕಿ ತೆಗೆದು, ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ನೋಡಿ.

ಮುಂಭಾರ, ಹಿಂಭಾರದ ಲೆಕ್ಕವೂ ಇಲ್ಲೇ ಬರುತ್ತದೆ. ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಕಾರಿನ ಕೊಂಡಿಯ ಮೇಲೆ ಕೂರಬೇಕು. ನನ್ನದರಲ್ಲಿ ಮೊದಲು ಬರೀ 8 ಕೆ.ಜಿ. ಕೂರುತ್ತಿತ್ತು. ಗಂಟೆಗೆ 70 ಕಿ.ಮೀ. ದಾಟಿದ ತಕ್ಷಣ ಟ್ರೇಲರ್ ಹಾವಿನ ಥರ ಎಡಕ್ಕೆ ಬಲಕ್ಕೆ ಓಲಾಡಲು ಶುರುವಾಯ್ತು. ಸ್ಟೀರಿಂಗ್ ತಿರುಗಿಸಿ ಅದನ್ನು ಸರಿಮಾಡಲು ಹೋಗಬಾರದು, ಜಾಸ್ತಿ ಆಗುತ್ತದೆ. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು ತಾನಾಗಿ ನಿಧಾನ ಆಗಲು ಬಿಟ್ಟೆ. ಅಂಗೈ ಪೂರ್ತಿ ಒದ್ದೆಯಾಗಿತ್ತು. ಮನೆಗೆ ಬಂದು ಮೈ ತೂಕ ನೋಡುವ ಯಂತ್ರವನ್ನು ಮೂಕಿಯ ತುದಿಗೆ ಕೊಟ್ಟು ಅಳೆದೆ. ಆಕ್ಸಲನ್ನು 30 ಸೆಂ.ಮೀ. ಹಿಂದಕ್ಕೆ ಸರಿಸಿದ ಮೇಲೆ ಸುಮಾರು 22 ಕೆ.ಜಿ. ಬಂತು. ಓಲಾಟ ನಿಂತೇಹೋಯ್ತು. ಅದಕ್ಕೇ ಆಕ್ಸಲನ್ನು ವೆಲ್ಡ್ ಮಾಡಬೇಡಿ, ಬೋಲ್ಟಿನಲ್ಲಿ ಕೂರಿಸಿ. ಸರಿಸಿದ ಮೇಲೆ ಕೊಂಡಿಯಿಂದ ಆಕ್ಸಲಿನ ಎರಡು ತುದಿಗಳಿಗೂ ಟೇಪ್ ಹಿಡಿದು ನೋಡಿ, ಎರಡೂ ಅಳತೆ ಒಂದೇ ಇರಬೇಕು. ನನ್ನದರಲ್ಲಿ 6 ಮಿ.ಮೀ. ವ್ಯತ್ಯಾಸ ಉಳಿದುಬಿಟ್ಟಿತ್ತು. ಒಂದು ವರ್ಷದಲ್ಲಿ ಒಂದು ಟೈರಿನ ಅಂಚು ಸವೆದು ಅದನ್ನು ತೋರಿಸಿಕೊಟ್ಟಿತು.

ಕೊಂಡಿಯ ಗುಂಡಿನ ಅಳತೆ ಬಗ್ಗೆಯೂ ಹುಷಾರು. ಮೂಕಿಯ ತುದಿಯಲ್ಲಿ ಆ ಗುಂಡಿನ ಮೇಲೆ ಕೂರುವ ಕಪ್ 50 ಮಿ.ಮೀ.ನದಾದರೆ ಅದಕ್ಕೆ 1⅞ ಇಂಚಿನ (ಸುಮಾರು 48 ಮಿ.ಮೀ.) ಸಣ್ಣ ಗುಂಡೂ ಕೂರುತ್ತದೆ, ಬೀಗವೂ ಬೀಳುತ್ತದೆ. ಹೊರಗಿನಿಂದ ಎಲ್ಲ ಸರಿ ಕಾಣುತ್ತದೆ. ರಸ್ತೆಯಲ್ಲಿ ದೊಡ್ಡ ಹೊಂಡ ಬಂದಾಗ ಕಳಚಿಕೊಳ್ಳುತ್ತದೆ. ಎರಡು ಸರಪಳಿಯನ್ನು ಮೂಕಿಯ ಕೆಳಗೆ ಕತ್ತರಿಯಂತೆ ಅಡ್ಡ ಹಾಕಿ. ಕಳಚಿದರೂ ಮೂಕಿ ಆ ಸರಪಳಿಗಳ ಮೇಲೆ ಬಿದ್ದು ನಿಲ್ಲುತ್ತದೆ, ನೆಲಕ್ಕೆ ಚುಚ್ಚುವುದಿಲ್ಲ.

ಚಕ್ರ ಕೊಳ್ಳುವಾಗ ದೊಡ್ಡದನ್ನೇ ತಗೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ 8 ಇಂಚಿನ ರಿಮ್ ಇರುವ ಚಕ್ರ ನಿಮಿಷಕ್ಕೆ ಸುಮಾರು 1000 ಸುತ್ತು ಸುತ್ತುತ್ತದೆ, 13 ಇಂಚಿನದು 750ರ ಆಸುಪಾಸು. ಬೇರಿಂಗ್ ಅಷ್ಟರ ಮಟ್ಟಿಗೆ ಕಡಿಮೆ ಬಿಸಿ ಆಗುತ್ತದೆ, ಗುಂಡಿಯಲ್ಲೂ ಕಡಿಮೆ ಇಳಿಯುತ್ತದೆ.

ಕಯಾಕ್ ಕೂರುವ ತೊಟ್ಟಿಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೊದಲು ಚಪ್ಪಟೆ ಅಡ್ಡಪಟ್ಟಿಯ ಮೇಲೆ ಹಳೆ ಕಾರ್ಪೆಟ್ ಸುತ್ತಿ, ಕಯಾಕನ್ನು ಹಾಗೇ ಮಲಗಿಸಿ, ರ‍್ಯಾಚೆಟ್ ಬೆಲ್ಟಿನಲ್ಲಿ ಕಟ್ಟಿದೆ. ಅದರ ಹಿಡಿ ಆಡಿಸಿದಂತೆ ಕಟಕಟ ಅಂತ ಬಿಗಿಯಾಗುವಾಗ ಸಮಾಧಾನ ಅನ್ನಿಸುತ್ತದೆ, ಅಲ್ವಾ? ಅದೇ ತಪ್ಪಾಗಿದ್ದು. ಒಂದು ಬಿಸಿಲಿನ ದಿನ ಮಧ್ಯಾಹ್ನದವರೆಗೆ ಹಾಗೇ ನಿಲ್ಲಿಸಿದ್ದೆವು. ಬಿಚ್ಚಿದಾಗ ಅಣ್ಣನ ಕಯಾಕ್ ತಳದಲ್ಲಿ ನನ್ನ ಅಂಗೈ ಪೂರ್ತಿ ಕೂರುವಷ್ಟು ತಗ್ಗು. ಕಯಾಕಿನ ಪಾಲಿಥಿಲೀನ್ ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗುತ್ತದೆ, ಒತ್ತಿದ ಕಡೆ ಕುಸಿಯುತ್ತದೆ. ಪುಣ್ಯಕ್ಕೆ ಅದೇ ಬಿಸಿಲು ಅದನ್ನು ವಾಸಿಯೂ ಮಾಡುತ್ತದೆ. ಬೋರಲು ಹಾಕಿ ಎರಡು ದಿನ ಬಿಸಿಲಿಗೆ ಬಿಟ್ಟೆವು, ಬಹುಪಾಲು ತಾನಾಗಿ ಮೇಲೆದ್ದಿತು. ಈಗ ನಾಲ್ಕಕ್ಕೂ ಅವುಗಳ ತಳದ ಆಕಾರಕ್ಕೆ ಬಾಗಿಸಿದ ಪಿವಿಸಿ ತೊಟ್ಟಿಲು ಇದೆ, ಮೇಲೆ ದಪ್ಪ ಫೋಮ್. ಎರಡು ತುದಿಯಿಂದಲೂ ಉದ್ದದ ಕಾಲು ಭಾಗ ಒಳಗೆ ಆಧಾರ ಕೊಟ್ಟಿದ್ದೇನೆ. ಬೆಲ್ಟ್ ಕೂಡ ಬರೀ ಕ್ಯಾಮ್ ಬಕಲ್‌ನದು. ಕೈಯಲ್ಲಿ ಎಳೆದಷ್ಟೇ ಬಿಗಿ, ಅದಕ್ಕಿಂತ ಬೇಡ. ಕಟ್ಟುವಾಗ ಬೆಲ್ಟಿಗೆ ಒಂದು ತಿರುವು ಕೊಡಿ, ಗಾಳಿಗೆ ಗುಂಯ್‌ಗುಡುವುದು ನಿಲ್ಲುತ್ತದೆ. ಮೂತಿಗೆ, ಬಾಲಕ್ಕೆ ಒಂದೊಂದು ಹಗ್ಗ ಯಾವಾಗಲೂ ಇರಲಿ.

ದೀಪ ಕೈಕೊಟ್ಟಾಗೆಲ್ಲ ನಾನು ಬಲ್ಬ್ ನೋಡುವುದಿಲ್ಲ, ಅರ್ಥ್ ವೈರ್ ನೋಡುತ್ತೇನೆ. ಇಂಡಿಕೇಟರ್ ಹಾಕಿದರೆ ಹಿಂದಿನ ಎಲ್ಲ ದೀಪ ಮಂಕಾಗಿ ಒಟ್ಟಿಗೆ ಮಿಣಮಿಣ ಅನ್ನುತ್ತಿದ್ದರೆ ಅದು ಅರ್ಥಿನದೇ ತೊಂದರೆ. ಕೊಂಡಿಯ ಕಬ್ಬಿಣದ ಮೂಲಕ ಅರ್ಥ್ ಸಿಗುತ್ತದೆ ಅಂತ ನಂಬಬೇಡಿ, ಪ್ರತಿ ದೀಪಕ್ಕೂ ಬೇರೆ ವೈರ್ ಎಳೆಯಿರಿ.

ವೆಲ್ಡಿಂಗ್‌ನಲ್ಲಿ ಮೂಕಿಯ ಜೋಡಣೆಗಳನ್ನು ಕಸುಬುದಾರರಿಂದಲೇ ಮಾಡಿಸಿದೆ, ಅದರ ಬಗ್ಗೆ ಇವತ್ತಿಗೂ ನೆಮ್ಮದಿ ಇದೆ. ನೀವೇ ಮಾಡುವುದಾದರೆ ಗ್ಯಾಲ್ವನೈಸ್ ಪೈಪಿನ ಸತುವನ್ನು ಉಜ್ಜಿ ತೆಗೆಯದೆ ವೆಲ್ಡ್ ಮಾಡಬೇಡಿ. ಆ ಬಿಳಿ ಹೊಗೆ ಕುಡಿದರೆ ಜ್ವರ ಬಂದು ಮಲಗಿಸುತ್ತದೆ. ಪೈಪಿನ ಕೆಳಭಾಗದಲ್ಲಿ ನೀರು ಇಳಿಯಲು ತೂತು ಬಿಡಿ. ನಾನು ಬಿಡದ ಒಂದು ಅಡ್ಡಪಟ್ಟಿ ಮಾತ್ರ ನಾಲ್ಕನೇ ವರ್ಷ ಒಳಗಿನಿಂದ ತುಕ್ಕು ತಿಂದು ಹೋಯ್ತು.

ಇಷ್ಟವಾಗದ್ದೂ ಇದೆ. ಖಾಲಿ ಇದ್ದಾಗ ಟ್ರೇಲರ್ ಕನ್ನಡಿಯಲ್ಲಿ ಕಾಣುವುದೇ ಇಲ್ಲ, ಹಿಂದೆ ಎರಡು ಎತ್ತರದ ಕಂಬ ನಿಲ್ಲಿಸಬೇಕಾಯ್ತು. ಇಡಲು ಜಾಗ ತುಂಬ ಬೇಕು. ಮೂಕಿಯನ್ನು ಬೋಲ್ಟ್ ತೆಗೆದು ಬಿಡಿಸಿಡುವ ಹಾಗೆ ಮೊದಲೇ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಒಂದೇ ಕಯಾಕ್ ಇರುವವರು, ಎತ್ತಲು ಭುಜ ಗಟ್ಟಿ ಇರುವವರು ಇಷ್ಟೆಲ್ಲ ಕಷ್ಟಪಡಬೇಕಿಲ್ಲ, ಕಾರಿನ ಮೇಲಿನ ಕ್ಯಾರಿಯರ್ ಸಾಕು. ಮೂರು ನಾಲ್ಕು ಕಯಾಕ್ ಇದ್ದರೆ, ಅಥವಾ ಮನೆಯಲ್ಲಿ ಒಬ್ಬರಿಗೆ ಎತ್ತಲು ಆಗದಿದ್ದರೆ, ಖಂಡಿತ ಕಟ್ಟಿ. ಅಣ್ಣ ಈಗ ಕಯಾಕಿನ ಒಂದು ತುದಿಯನ್ನು ಹಿಂದಿನ ತೊಟ್ಟಿಲಿಗೆ ಇಟ್ಟು, ಇನ್ನೊಂದು ತುದಿ ಹಿಡಿದು ಮುಂದಕ್ಕೆ ತಳ್ಳುತ್ತಾನೆ, ಅಷ್ಟೇ. ಯಾರನ್ನೂ ಕರೆಯುವುದಿಲ್ಲ.

ಟೈರ್ ಐದನೇ ವರ್ಷ ಬದಲಾಯಿಸಿದೆ. ಹಲ್ಲು ಚೆನ್ನಾಗಿಯೇ ಇತ್ತು, ಆದರೆ ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟಿದ್ದವು. ಬೇರಿಂಗಿಗೆ ವರ್ಷಕ್ಕೊಮ್ಮೆ ಹಳೆ ಗ್ರೀಸ್ ಒರೆಸಿ ಹೊಸದು ತುಂಬುತ್ತೇನೆ. ಬಿಸಿ ಹಬ್ಬನ್ನು (ಬೇರಿಂಗ್ ಕೂರುವ ಚಕ್ರದ ನಡುಭಾಗ) ನೀರಿಗೆ ಇಳಿಸಬೇಡಿ, ತಣ್ಣಗಾಗುವಾಗ ಅದು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಕಯಾಕನ್ನು ದಡದಲ್ಲೇ ಇಳಿಸಿಕೊಂಡು ಹೊತ್ತುಕೊಂಡು ಹೋಗಿ. ಹೊರಟು 15 ಕಿ.ಮೀ. ಆದ ಮೇಲೆ ಒಂದು ಸಲ ನಿಲ್ಲಿಸಿ, ಬೆಲ್ಟ್ ಎಳೆದು ನೋಡಿ, ಎರಡೂ ಹಬ್ಬಿನ ಮೇಲೆ ಹುಷಾರಾಗಿ ಕೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಷ್ಟು ಸುಡುತ್ತಿದ್ದರೆ ಅಲ್ಲಿಂದ ಮುಂದೆ ಹೋಗಬೇಡಿ.